ಹಗೆಯ ನಡುವೆಯೂ ಹದ ತಪ್ಪದ ಮಾತು
ಅಮೀರ್ ಅಬ್ದುಲ್ ಕಾದಿರ್ ಅಲ್ ಜಝಾಇರಿ

ಇಶಾ ನಮಾಝಿನ ಬಳಿಕ ಮಸೀದಿಯ ಮೆಟ್ಟಿಲ ಬಳಿ ನಿಂತು ಯುದ್ಧದ ಸುದ್ದಿ ಚರ್ಚಿಸುವವರನ್ನು ನೀವೂ ಕಂಡಿರಬಹುದು. ಮಾತು ಪರರ ವಶವಾದ ನಾಡಿನ ಸಂಕಟದಿಂದ ಆರಂಭವಾಗುತ್ತದೆ. ಒಬ್ಬರು ಸಂಧಾನ ಲೇಸೆನ್ನುತ್ತಾರೆ, ಇನ್ನೊಬ್ಬರು ಹೋರಾಟವೇ ಸರಿಯೆನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಒಬ್ಬರು ಹೇಡಿ, ಇನ್ನೊಬ್ಬರು ಮೂರ್ಖರಾಗುತ್ತಾರೆ. ಮುನಾಫಿಕ್ ಎಂಬ ಶಬ್ದವೂ ಬಾಯಿಗೆ ಬಂದುಬಿಡುತ್ತದೆ. ಆ ನಾಡಿನ ಜನರು ಮಾತ್ರ ಮರೆತೇಹೋಗಿರುತ್ತಾರೆ. ಆಗೆಲ್ಲ ನನಗೆ ನೆನಪಾಗುವವರು, ಆಕ್ರಮಣಕಾರರೊಡನೆ ಹದಿನೈದು ವರ್ಷ ಕಾದಾಡಿದ ಅಲ್ಜೀರಿಯದ ಅಮೀರ್ ಅಬ್ದುಲ್ ಕಾದಿರ್.

ಅವರು 1808ರಲ್ಲಿ ಮಸ್ಕರಾ ಪಟ್ಟಣದ ಸಮೀಪ ಹುಟ್ಟಿದರು. ತಂದೆ ಮುಹಿಯುದ್ದೀನ್ ಕಾದಿರಿಯ್ಯಾ ತರೀಕತ್ತಿನ ಗುರುಗಳು. ಹರೆಯದಲ್ಲೇ ತಂದೆಯೊಂದಿಗೆ ಹಜ್ಜ್ ನಿರ್ವಹಿಸಿ, ಬಗ್ದಾದನ್ನೂ ಕಂಡು ಬಂದ ಈ ಯುವಕನಿಗೆ ಕಿತಾಬುಗಳೇ ಲೋಕವಾಗಿದ್ದವು. ಆದರೆ 1830ರಲ್ಲಿ ಫ್ರೆಂಚ್ ಸೇನೆ ಅಲ್ಜಿಯರ್ಸ್ ನಗರವನ್ನು ಹಿಡಿಯಿತು. 1832ರಲ್ಲಿ ಕಬೀಲೆಗಳು ಇಪ್ಪತ್ತನಾಲ್ಕರ ಈ ತರುಣನಿಗೆ ಬೈಅತ್ ಮಾಡಿದವು.

1837ರಲ್ಲಿ ಅವರು ಫ್ರೆಂಚ್ ಸೇನಾಪತಿ ಬ್ಯೂಜೋನೊಡನೆ ತಫ್ನಾ ಒಪ್ಪಂದ ಮಾಡಿಕೊಂಡರು. ಒಪ್ಪಂದಗಳ ಕಾರಣಕ್ಕೆ ಸ್ವಂತ ಜನರಿಂದಲೇ ಟೀಕೆ ಎದುರಾಯಿತು. ಫ್ರೆಂಚರೊಡನೆ ಸೇರಿದ ಕಬೀಲೆಗಳೂ ಇದ್ದವು. ಅಂಥವರ ವಿಷಯದಲ್ಲಿ ಏನು ಮಾಡಬೇಕೆಂದು ಅವರು ತಾವೇ ತೀರ್ಪು ಕೊಡಲಿಲ್ಲ. ಪ್ರಶ್ನೆಗಳನ್ನು ಬರೆದು ಮೊರೊಕ್ಕೊದ ಫಾಸ್ ನಗರದ ಉಲಮಾಗಳಿಗೆ ಕಳುಹಿಸಿದರು. ಹಾಗೆಂದು ಅವರೆಂದೂ ತಾಳ್ಮೆಗೆಡಲಿಲ್ಲವೆಂದು ಬರೆದರೆ ಅದು ಸತ್ಯಕ್ಕೆ ಅಪಚಾರ. ತಮ್ಮ ಅಧಿಕಾರವನ್ನು ಒಪ್ಪದ ತಿಜಾನಿ ಗುರುಗಳ ಐನ್ ಮಾದಿ ಊರಿಗೆ 1838ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಮುಸ್ಲಿಮರ ಮೇಲೆ ಮುಸ್ಲಿಮರು ನಡೆಸಿದ ಆ ಮುತ್ತಿಗೆ ನನಗಂತೂ ಇಂದಿಗೂ ನೋವಿನ ಪುಟ.

1839ರಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ಬ್ಯೂಜೋನ ಸೇನೆ ಬೆಳೆ ಸುಟ್ಟಿತು, ಕಣಜ ಬರಿದು ಮಾಡಿತು. 1845ರಲ್ಲಿ ದಹ್ರಾದ ಗುಹೆಯೊಂದರಲ್ಲಿ ಅಡಗಿದ್ದ ನೂರಾರು ಗಂಡಸರು, ಹೆಂಗಸರು, ಮಕ್ಕಳನ್ನು ಹೊಗೆ ಹಾಕಿ ಉಸಿರುಗಟ್ಟಿಸಿ ಕೊಂದರು. ಪ್ಯಾರಿಸ್ಸಿನ ಶಾಸನಸಭೆಯಲ್ಲಿ ಇದನ್ನು ಪ್ರಶ್ನಿಸಿದವರಿದ್ದರು. ಬ್ಯೂಜೋ ತನ್ನ ಅಧಿಕಾರಿಯನ್ನೇ ಸಮರ್ಥಿಸಿಕೊಂಡ.

ಇದಕ್ಕೂ ಮೊದಲು ಅಲ್ಜಿಯರ್ಸಿನ ಬಿಷಪ್ ದ್ಯುಪುಶ್ ಒಬ್ಬ ಸೆರೆಯಾಳನ್ನು ಬಿಡಿಸಿಕೊಡಿರೆಂದು ಅಮೀರರಿಗೆ ಪತ್ರ ಬರೆದಿದ್ದರು. ಶತ್ರುಪಾಳಯದ ಧರ್ಮಗುರುವಿಗೆ ಅಮೀರರು ಬರೆದ ಉತ್ತರದಲ್ಲಿ ಬೈಗಳಿರಲಿಲ್ಲ. ನಯವಾದ ಒಂದು ಆಕ್ಷೇಪವಿತ್ತು: ಒಬ್ಬನನ್ನೇ ಏಕೆ ಕೇಳಿದಿರಿ, ಸೆರೆಯಲ್ಲಿರುವ ಎಲ್ಲ ಕ್ರೈಸ್ತರನ್ನೂ ಕೇಳಬಹುದಿತ್ತಲ್ಲ, ಫ್ರೆಂಚ್ ಸೆರೆಯಲ್ಲಿ ನರಳುವ ಮುಸ್ಲಿಮರನ್ನೂ ನೆನೆಯಬೇಕಿತ್ತಲ್ಲ ಎಂಬುದು ಅದರ ಸಾರ. 1841ರಲ್ಲಿ ಎರಡೂ ಕಡೆಯ ಸೆರೆಯಾಳುಗಳ ವಿನಿಮಯವಾಯಿತು. ಆ ಒಂದು ಪತ್ರ ವೈರಿಯನ್ನು ಜೀವಮಾನದ ಗೆಳೆಯನನ್ನಾಗಿ ಮಾಡಿತು. ಆದರೆ 1846ರಲ್ಲಿ ಅಮೀರರು ದೂರದಲ್ಲಿದ್ದಾಗ ಅವರ ಪಾಳಯದಲ್ಲಿದ್ದ ನೂರಕ್ಕೂ ಹೆಚ್ಚು ಫ್ರೆಂಚ್ ಸೆರೆಯಾಳುಗಳ ಹತ್ಯೆಯಾಯಿತು. ಆ ಕಳಂಕ ಅವರನ್ನು ಬಹುಕಾಲ ಬೆನ್ನಟ್ಟಿತು.

1847ರ ಡಿಸೆಂಬರಿನಲ್ಲಿ, ಇನ್ನು ಕಾದಾಡಿದರೆ ಜನರ ನಾಶವಷ್ಟೇ ಎಂದರಿತು ಅವರು ಆಯುಧ ಕೆಳಗಿಟ್ಟರು. ಅಲೆಕ್ಸಾಂಡ್ರಿಯಕ್ಕೋ ಅಕ್ಕಾಕ್ಕೋ ಕಳುಹಿಸುವೆವೆಂದು ಸೇನಾಪತಿ ಮಾತು ಕೊಟ್ಟಿದ್ದ. ಹಡಗು ಹೋಗಿ ನಿಂತದ್ದು ಫ್ರಾನ್ಸಿನ ತೂಲೋನಿನಲ್ಲಿ! ಅಲ್ಲಿಂದ ಪೋ, ಬಳಿಕ ಅಂಬುವಾಜ್ ಕೋಟೆ. ಐದು ವರ್ಷಗಳ ಸೆರೆ. ಆ ಚಳಿನಾಡಿನಲ್ಲಿ ಅವರ ಸಂಗಡಿಗರೂ ಮನೆಯವರೂ ಒಬ್ಬೊಬ್ಬರಾಗಿ ತೀರಿಕೊಂಡರು. ಅಂಬುವಾಜಿನಲ್ಲಿ ಅವರ ಗೋರಿಗಳಿವೆ.

ಓದುಗರೇ, ಈಗ ಹೇಳುವುದನ್ನು ಸ್ವಲ್ಪ ನಿಧಾನವಾಗಿ ಓದಿ. ಇಸ್ಲಾಮಿನಲ್ಲಿ ಕೊಟ್ಟ ಮಾತಿಗೆ ಬೆಲೆಯಿಲ್ಲ, ದ್ರೋಹ ಅಲ್ಲಿ ಸಮ್ಮತ ಎಂದು ಒಬ್ಬ ಪಾದ್ರಿ ಹೇಳಿದ್ದು ಸೆರೆಯಲ್ಲಿದ್ದ ಅಮೀರರ ಕಿವಿಗೆ ಬಿತ್ತು. ಯಾರ ಮಾತು ಮುರಿದುದರಿಂದ ತಾವು ಸೆರೆಯಲ್ಲಿದ್ದೇವೆಂದು ಅವರು ಎರಡು ಸಾಲು ಬರೆದಿದ್ದರೆ ಸಾಕಿತ್ತು. ಅವರು ಒಂದು ಗ್ರಂಥವನ್ನೇ ಬರೆದರು. ಮೊದಲು ಮನುಷ್ಯನ ಬುದ್ಧಿಯ ಕುರಿತು, ಬಳಿಕ ಅಲ್ಲಾಹನ ಅಸ್ತಿತ್ವ ಮತ್ತು ಪ್ರವಾದಿತ್ವದ ಕುರಿತು ವಿವರಿಸಿ, ಕೊನೆಗೆ ವಚನಪಾಲನೆಯ ವಿಷಯಕ್ಕೆ ಬಂದರು. ಗ್ರಂಥದ ಹೆಸರೇನೋ ಹರಿತವಾದದ್ದೇ, ನಿಂದಕನ ನಾಲಗೆ ಕತ್ತರಿಸುವ ಕತ್ತರಿ ಎಂದು. ಹಳೆಯ ಅರಬಿ ಗ್ರಂಥಗಳ ಹೆಸರಿಡುವ ರೂಢಿ ಅದು. ಒಳಗಿರುವುದು ವಾದ, ಪುರಾವೆ.

ಇತ್ತ ಬಿಷಪ್ ದ್ಯುಪುಶ್ 1849ರಲ್ಲಿ ಅಮೀರರ ಬಿಡುಗಡೆಗಾಗಿ ಪುಸ್ತಕ ಬರೆದು ಲೂಯಿ ನೆಪೋಲಿಯನ್ನನಿಗೆ ಅರ್ಪಿಸಿದರು. 1852ರಲ್ಲಿ ಅವನೇ ಅಂಬುವಾಜಿಗೆ ಬಂದು ಬಿಡುಗಡೆ ಘೋಷಿಸಿದ.

ಬುರ್ಸಾದಲ್ಲಿ ಕೆಲಕಾಲವಿದ್ದು 1855ರಲ್ಲಿ ಅವರು ದಮಾಸ್ಕಸ್ಸಿಗೆ ಬಂದರು. 1860ರ ಜುಲೈಯಲ್ಲಿ ಅಲ್ಲಿ ಕ್ರೈಸ್ತರ ಕೇರಿಗೆ ಬೆಂಕಿ ಬಿತ್ತು. ಅಮೀರರು ತಮ್ಮ ಅಲ್ಜೀರಿಯದ ಸಂಗಡಿಗರೊಂದಿಗೆ ಬೀದಿಗಿಳಿದು ಸಾವಿರಾರು ಮಂದಿಯನ್ನು ಕಾಪಾಡಿದರು. ಗುಂಪು ಮನೆಬಾಗಿಲಿಗೇ ಬಂದು, ಅವರನ್ನು ಒಪ್ಪಿಸಿರೆಂದು ಕೂಗಿತು. ನಾಡು ಕಸಿದುಕೊಂಡವರ ಧರ್ಮದವರನ್ನು ನೀವು ಕಾಯುವುದೇ ಎಂಬುದು ಅವರ ಸಿಟ್ಟು. ನಿರಪರಾಧಿಗಳನ್ನು ಕೊಲ್ಲಲು ದೀನ್ ಎಲ್ಲಿ ಅನುಮತಿಸಿದೆ ಎಂದು ಅಮೀರರು ಮೊದಲು ತಿಳಿಹೇಳಿದರು. ಜನ ಕೇಳದಿದ್ದಾಗ, ತಮ್ಮವರಲ್ಲಿ ಒಬ್ಬನಾದರೂ ಬದುಕಿರುವವರೆಗೆ ಯಾರನ್ನೂ ಬಿಟ್ಟುಕೊಡಲಾರೆವೆಂದು ಸ್ಪಷ್ಟಪಡಿಸಿದರು. ಗುಂಪು ಹಿಂದೆ ಸರಿಯಿತು.

ರಷ್ಯದ ವಿರುದ್ಧ ದಶಕಗಳ ಕಾಲ ಹೋರಾಡಿ ಸೆರೆಯಾಗಿದ್ದ ದಾಗಿಸ್ತಾನದ ಇಮಾಮ್ ಶಾಮಿಲ್ ಈ ಸುದ್ದಿ ಕೇಳಿ ಅಭಿನಂದಿಸಿ ಪತ್ರ ಬರೆದರು. ಅಮೀರರು ತಮ್ಮ ಉತ್ತರದಲ್ಲಿ, ಕಾಠಿಣ್ಯವೇ ಇಸ್ಲಾಮಿನ ತಿರುಳೆಂದು ಅರಿವಿಲ್ಲದವರು ಭಾವಿಸಿದ್ದಾರಲ್ಲಾ ಎಂದು ಮರುಗಿದರು.

1883ರ ಮೇ 26ರಂದು ಅವರು ದಮಾಸ್ಕಸ್ಸಿನಲ್ಲಿ ಇಹಲೋಕ ತ್ಯಜಿಸಿದರು. ಇಬ್ನ್ ಅರಬಿಯವರ ಸಮಾಧಿಯ ಪಕ್ಕದಲ್ಲಿ ದಫನ ನಡೆಯಿತು. ಅಲ್ಜೀರಿಯ ಸ್ವತಂತ್ರವಾದ ಬಳಿಕ, 1966ರಲ್ಲಿ ಅವರ ಅವಶೇಷಗಳನ್ನು ತಾಯ್ನಾಡಿಗೆ ತಂದರು.