ಭಾನುವಾರದ ಗುರುಮನೆ: ರಾಬರ್ಟ್ ರೈಕ್ಸ್

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದರ ಸತ್ಯವನ್ನು ಅನುಭವದಿಂದ ಅರಿತು, ಬಡ ಮಕ್ಕಳ ಬಾಳಿಗೆ ಬೆಳಕಾದವರು ಇಂಗ್ಲೆಂಡಿನ ರಾಬರ್ಟ್ ರೈಕ್ಸ್.

ಅವರು ಹುಟ್ಟಿದ್ದು 1736ರಲ್ಲಿ, ಗ್ಲೌಸ್ಟರ್ ಪಟ್ಟಣದಲ್ಲಿ. ತಂದೆ ಅಲ್ಲಿ ವೃತ್ತಪತ್ರಿಕೆಯೊಂದನ್ನು ನಡೆಸುತ್ತಿದ್ದರು. 1757ರಲ್ಲಿ ತಂದೆ ತೀರಿಕೊಂಡಾಗ ಪತ್ರಿಕೆಯ ಹೊಣೆ ತರುಣ ರೈಕ್ಸರ ಹೆಗಲಿಗೆ ಬಿತ್ತು. ಊರಿನ ಸೆರೆಮನೆಯಲ್ಲಿ ನರಳುತ್ತಿದ್ದ ಕೈದಿಗಳ ಕಷ್ಟವನ್ನು ಕಂಡು ಅವರು ಮರುಗಿದರು. ಪತ್ರಿಕೆಯ ಮೂಲಕ ಜನರಲ್ಲಿ ನೆರವು ಬೇಡಿದರು. ಬಹು ವರ್ಷಗಳ ಈ ಸೇವೆಯಿಂದ ಅವರಿಗೆ ಒಂದು ವಿಷಯ ಮನದಟ್ಟಾಯಿತು. ಕೆಟ್ಟವರನ್ನು ತಿದ್ದುವುದಕ್ಕಿಂತ, ಮಕ್ಕಳು ಕೆಡದಂತೆ ನೋಡಿಕೊಳ್ಳುವುದೇ ಮೇಲು.

ಆ ಊರಿನ ಗುಂಡುಸೂಜಿ ಕಾರ್ಖಾನೆಯಲ್ಲಿ ಬಡವರ ಮಕ್ಕಳು ವಾರದ 6 ದಿನವೂ ದುಡಿಯುತ್ತಿದ್ದರು. ಬಿಡುವು ಭಾನುವಾರ ಮಾತ್ರ. ಅಂದು ಅವರು ಬೀದಿಗಳಲ್ಲಿ ಜಗಳ, ಬೈಗುಳಗಳಲ್ಲಿ ಕಾಲ ಕಳೆಯುತ್ತಿದ್ದರು. 1780ರಲ್ಲಿ ರೈಕ್ಸರು ಥಾಮಸ್ ಸ್ಟಾಕ್ ಎಂಬ ಪಾದ್ರಿಯವರ ಸಹಕಾರದಿಂದ ಈ ಮಕ್ಕಳಿಗಾಗಿ ಭಾನುವಾರದ ಶಾಲೆ ತೆರೆದರು. ಓದು ಕಲಿಸಬಲ್ಲ 4 ಮಂದಿ ಹೆಂಗಸರನ್ನು ಗೊತ್ತುಮಾಡಿ, ದಿನಕ್ಕೆ ತಲಾ 1 ಶಿಲ್ಲಿಂಗ್ ಸಂಬಳ ಕೊಟ್ಟರು.

ಮಕ್ಕಳು ಬೆಳಗ್ಗೆ 10 ಗಂಟೆಯ ಬಳಿಕ ಬಂದು 12ರವರೆಗೆ ಕಲಿಯಬೇಕು. ಮನೆಗೆ ಹೋಗಿ 1 ಗಂಟೆಗೆ ಮರಳಬೇಕು. ಒಂದು ಪಾಠ ಓದಿದ ಮೇಲೆ ಎಲ್ಲರೂ ಇಗರ್ಜಿಗೆ. ಅಲ್ಲಿಂದ ಬಂದು, ಸಂಜೆ 5 ಗಂಟೆ ದಾಟುವ ತನಕ ಕ್ರೈಸ್ತ ಧರ್ಮದ ಪ್ರಶ್ನೋತ್ತರ ಪಾಠ. ಆಮೇಲೆ ಗಲಾಟೆ ಮಾಡದೆ ಮನೆ ಸೇರಬೇಕು. ಹರಿದ ಬಟ್ಟೆಗೆ ಅಡ್ಡಿಯಿರಲಿಲ್ಲ. ಆದರೆ ಕೈ, ಮುಖ ತೊಳೆದು ತಲೆ ಬಾಚಿರಬೇಕು ಎಂಬುದು ನಿಯಮ. ಧರ್ಮಗ್ರಂಥವನ್ನು ಮಕ್ಕಳು ತಾವೇ ಓದಬೇಕಾದರೆ ಮೊದಲು ಅಕ್ಷರ ಬರಬೇಕಷ್ಟೆ. ಹೀಗೆ ಧರ್ಮಪಾಠದ ಜೊತೆಗೇ ಅಕ್ಷರಜ್ಞಾನವೂ ಬಡವರ ಮನೆ ಹೊಕ್ಕಿತು.

ವಿರೋಧವೂ ಇಲ್ಲದಿರಲಿಲ್ಲ. ಓದು ಬಂದರೆ ಬಡವರು ಮಾತು ಕೇಳಲಾರರೆಂದು ಕೆಲವರು ಹೆದರಿದರು. ವಿಶ್ರಾಂತಿಯ ಪವಿತ್ರ ದಿನದಲ್ಲಿ ಪಾಠ ಹೇಳುವುದು ಪಾಪವೆಂದು ಇನ್ನು ಕೆಲವರು ಆಕ್ಷೇಪಿಸಿದರು. ರೈಕ್ಸರು ಕೈಬಿಡಲಿಲ್ಲ. ಇಂತಹ ಪ್ರಯತ್ನ ಮಾಡಿದವರು ಅವರಿಗಿಂತ ಮುಂಚೆಯೂ ಇದ್ದರು. ಆದರೆ 1783ರಲ್ಲಿ ತಮ್ಮ ಪತ್ರಿಕೆಯಲ್ಲಿ ಈ ಸಂಗತಿಯನ್ನು ಪ್ರಕಟಿಸಿ ಅದನ್ನು ನಾಡಿಗೆಲ್ಲ ಹಬ್ಬಿಸಿದ ಕೀರ್ತಿ ಅವರದು. 1785ರಲ್ಲಿ ಲಂಡನ್ನಿನಲ್ಲಿ ಇದಕ್ಕಾಗಿಯೇ ಒಂದು ಸಂಘ ಸ್ಥಾಪನೆಯಾಯಿತು.

1811ರ ಏಪ್ರಿಲ್ 5ರಂದು ರೈಕ್ಸರು ಕಣ್ಣುಮುಚ್ಚಿದರು. 20 ವರ್ಷಗಳ ಬಳಿಕ ಬ್ರಿಟನ್ನಿನಲ್ಲಿ ಸುಮಾರು 12 ಲಕ್ಷ ಮಕ್ಕಳು ಭಾನುವಾರದ ಶಾಲೆಗಳಲ್ಲಿ ಕಲಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಾಲೆ ಒದಗಿಸುವ ಕಾನೂನು ಬಂದದ್ದು 1870ರಲ್ಲಿ. ಅಲ್ಲಿಯವರೆಗೆ ಎಷ್ಟೋ ಬಡ ಮಕ್ಕಳಿಗೆ ಈ ಭಾನುವಾರದ ಶಾಲೆಯೇ ಏಕೈಕ ಶಾಲೆಯಾಗಿತ್ತು.

ವಿದ್ಯಾರ್ಥಿ ಮಿತ್ರರೇ, ವಾರಕ್ಕೆ ಒಂದೇ ದಿನ ದೊರೆತ ಆ ಮಕ್ಕಳು ಅಕ್ಷರ ಕಲಿತರು. ನಮಗಾದರೋ ವಾರವಿಡೀ ಶಾಲೆಯಿದೆ. ಯಾವ ಧರ್ಮದ ಪಾಠವೇ ಆಗಲಿ, ಬಾಯಿಪಾಠಕ್ಕೆ ನಿಲ್ಲದೆ ನಡತೆಗೆ ಇಳಿದಾಗಲೇ ಅದಕ್ಕೆ ಬೆಲೆ. ಆ ನಡತೆಯ ಬೀಜವನ್ನು ಎಳವೆಯಲ್ಲೇ ಬಿತ್ತುವ ಹೊಣೆ ಹೆತ್ತವರದೂ ಹೌದು, ಗುರುಗಳದೂ ಹೌದು.