ಐಕ್ಯೂ ಪರೀಕ್ಷೆಗೆ ಅಡಿಪಾಯ ಹಾಕಿದ ಆಲ್ಫ್ರೆಡ್ ಬಿನೆ ಕೊಟ್ಟಿದ್ದ ಎಚ್ಚರಿಕೆ ಏನು?

ಮಗುವಿಗೆ ಓದು ತಲೆಗೆ ಹತ್ತುತ್ತಿಲ್ಲ ಎಂದು ಪೋಷಕರು ಮನಶ್ಶಾಸ್ತ್ರಜ್ಞರ ಬಳಿ ಹೋದರೆ, ಅಲ್ಲಿ ಮಾಡುವ ಪರೀಕ್ಷೆಗಳಲ್ಲಿ ಬಿನೆ-ಕಾಮತ್ ಪರೀಕ್ಷೆಯೂ ಒಂದು. ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿದ ಈ ಪರೀಕ್ಷೆಯ ಮೂಲ ಪ್ಯಾರಿಸ್‌ನಲ್ಲಿದೆ. ಅದರ ಹಿಂದಿರುವವರು ಆಲ್ಫ್ರೆಡ್ ಬಿನೆ.

1857ರಲ್ಲಿ ನೀಸ್ ನಗರದಲ್ಲಿ ಹುಟ್ಟಿದ ಬಿನೆ ಓದಿದ್ದು ಕಾನೂನು. ಮನಶ್ಶಾಸ್ತ್ರವನ್ನು ಗ್ರಂಥಾಲಯದಲ್ಲಿ ಕುಳಿತು ತಾವೇ ಕಲಿತರು. ನಂತರ ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಖ್ಯಾತ ವೈದ್ಯ ಶಾರ್ಕೋ ಬಳಿ ಸೇರಿದರು.

ಅಲ್ಲಿ ಅವರು ಎಡವಿದರು. ಸಮ್ಮೋಹನಕ್ಕೊಳಗಾದ ರೋಗಿಯ ಒಂದು ಬದಿಯ ಲಕ್ಷಣವನ್ನು ಆಯಸ್ಕಾಂತದಿಂದ ಇನ್ನೊಂದು ಬದಿಗೆ ಸರಿಸಬಹುದು ಎಂದು ಬರೆದರು. ಬೆಲ್ಜಿಯಂನ ಡೆಲ್ಬೋಫ್ ಇದನ್ನು ಅಲ್ಲಗಳೆದರು. ವೈದ್ಯರು ಏನನ್ನು ನಿರೀಕ್ಷಿಸುತ್ತಿದ್ದಾರೆ ಎಂಬುದು ರೋಗಿಗಳಿಗೆ ಮೊದಲೇ ತಿಳಿಯುತ್ತಿತ್ತು. ಕೊನೆಗೆ ಬಿನೆ ತಪ್ಪು ಒಪ್ಪಿಕೊಳ್ಳಬೇಕಾಯಿತು.

ಈ ಪಾಠವನ್ನು ಅವರು ಮರೆಯಲಿಲ್ಲ. ಮುಂದೆ ಶಾಲಾ ಮಕ್ಕಳ ತಲೆಯ ಅಳತೆಯಿಂದ ಬುದ್ಧಿ ತಿಳಿಯಲು ಹೊರಟಾಗ, ತಮ್ಮ ಊಹೆಯೇ ಅಳತೆಯಲ್ಲಿ ನುಸುಳುತ್ತಿದೆಯೇ ಎಂದು ಸಂಶಯಪಟ್ಟರು. ಸಿಕ್ಕ ವ್ಯತ್ಯಾಸವೂ ಅತ್ಯಲ್ಪವಾಗಿತ್ತು. ಆ ದಾರಿಯನ್ನೇ ಬಿಟ್ಟರು.

ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ವಿಶೇಷ ಶಿಕ್ಷಣ ನೀಡುವ ಬಗ್ಗೆ 1904ರಲ್ಲಿ ಫ್ರಾನ್ಸ್ ಸರ್ಕಾರ ಸಮಿತಿ ನೇಮಿಸಿತು. ಬಿನೆ ಅದರ ಸದಸ್ಯರಾಗಿದ್ದರು. ಆಗ ಒಂದೇ ಮಗುವಿನ ಬಗ್ಗೆ ಒಬ್ಬ ವೈದ್ಯರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದರು. ಎಲ್ಲರಿಗೂ ಒಂದೇ ಅಳತೆಗೋಲು ಬೇಕಿತ್ತು. ವೈದ್ಯ ಥಿಯೊಡೋರ್ ಸಿಮೊನ್ ಜತೆ ಸೇರಿ 1905ರಲ್ಲಿ 30 ಪ್ರಶ್ನೆ-ಚಟುವಟಿಕೆಗಳ ಪರೀಕ್ಷೆ ಸಿದ್ಧಪಡಿಸಿದರು. 1908ರಲ್ಲಿ ಅವನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದರು.

ಬುದ್ಧಿ ಹುಟ್ಟಿನಿಂದಲೇ ನಿಗದಿಯಾದದ್ದು ಎಂಬ ಮಾತನ್ನು ಬಿನೆ ಒಪ್ಪಲಿಲ್ಲ. 1909ರ ಪುಸ್ತಕದಲ್ಲಿ ಅದನ್ನು ಕಟುವಾಗಿ ಟೀಕಿಸಿದರು. ಪರೀಕ್ಷೆ ಇರುವುದು ಮಗುವಿಗೆ ಯಾವ ನೆರವು ಬೇಕೆಂದು ತಿಳಿಯಲು ಎಂಬುದು ಅವರ ನಿಲುವು. 1911ರಲ್ಲಿ, 54ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಎಚ್ಚರಿಕೆಯೂ ಅವರೊಂದಿಗೇ ಮರೆಯಾಯಿತು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಲೆಕ್ಕ ಮುಂದಿಟ್ಟರು. ಅದೇ ಐಕ್ಯೂ ಆಯಿತು. ಅಮೆರಿಕದಲ್ಲಿ ಈ ಪರೀಕ್ಷೆ ಜನರ ಮೇಲೆ ಹಣೆಪಟ್ಟಿ ಅಂಟಿಸುವ ಸಾಧನವಾಯಿತು. ಬಿನೆ ಮಾದರಿಯ ಪರೀಕ್ಷೆಯಲ್ಲಿ ಕಡಿಮೆ ಬುದ್ಧಿಯವಳೆಂದು ಗುರುತಿಸಲಾದ ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಸಲು 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು.

ಇಂದು ಬೌದ್ಧಿಕ ಅಸಾಮರ್ಥ್ಯವನ್ನು ಕೇವಲ ಐಕ್ಯೂ ಅಂಕ ನೋಡಿ ನಿರ್ಧರಿಸುವಂತಿಲ್ಲ. ಊಟ, ಉಡುಗೆ, ಮಾತು, ದುಡ್ಡಿನ ಲೆಕ್ಕದಂತಹ ದಿನನಿತ್ಯದ ಕೆಲಸಗಳನ್ನು ಮಗು ಹೇಗೆ ನಿಭಾಯಿಸುತ್ತದೆ ಎಂಬುದನ್ನೂ ನೋಡಲೇಬೇಕು. ಬಿನೆ ಬಯಸಿದ್ದ ಎಚ್ಚರ ತಡವಾಗಿಯಾದರೂ ನಿಯಮದೊಳಗೆ ಬಂದಿದೆ.