ತುಕಾರಾಮನ ಮುಖವಾದ ಚಿಕ್ಕೋಡಿಯ ನಟ

ಕೊಕಟನೂರ: ಆಷಾಢ ಏಕಾದಶಿ ಸಮೀಪಿಸಿತೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಹಳ್ಳಿಗಳಿಂದ ತಾಳ, ವೀಣೆ ಹಿಡಿದ ದಿಂಡಿಗಳು ಪಂಢರಪುರದ ಹಾದಿ ಹಿಡಿಯುತ್ತವೆ. ಈ ಭಾಗದ ಭಕ್ತರ ಮನಸ್ಸಿನಲ್ಲಿರುವ ಸಂತ ತುಕಾರಾಮರ ರೂಪ ಹದಿನೇಳನೆಯ ಶತಮಾನದಿಂದ ಬಂದದ್ದಲ್ಲ. ಅದು ಬಹುಮಟ್ಟಿಗೆ 1936ರ ಚಲನಚಿತ್ರವೊಂದು ಕೊಟ್ಟ ರೂಪ. ಆ ಮುಖದ ಒಡೆಯ ಇದೇ ಸೀಮೆಯ ಚಿಕ್ಕೋಡಿಯಲ್ಲಿ ಹುಟ್ಟಿದ ವಿಷ್ಣುಪಂತ ಪಾಗನೀಸ.

ಪಾಗನೀಸರು ಜನಿಸಿದ್ದು 1892ರಲ್ಲಿ. ಚಿಕ್ಕೋಡಿ ಆಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿತ್ತು. ಊರಿಗೆ ಬೆಳಗಾವಿಯಷ್ಟೇ ಕೊಲ್ಹಾಪುರವೂ ಹತ್ತಿರ. ಕನ್ನಡ ಮತ್ತು ಮರಾಠಿ ಎರಡೂ ಒಂದೇ ಓಣಿಯಲ್ಲಿ ಕೇಳಿಬರುತ್ತಿದ್ದ ಕಾಲವದು. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಜಿಲ್ಲೆಯ ಗುರ್ಲಹೊಸೂರಿನವರು ಎಂಬುದನ್ನು ಇಲ್ಲಿ ನೆನೆಯಬಹುದು. ಇಂಥ ನೆಲದ ಕಂಠವುಳ್ಳ ಹುಡುಗನೊಬ್ಬ ನಾಟಕ ಕಂಪನಿಯ ಪಾಲಾದದ್ದರಲ್ಲಿ ಆಶ್ಚರ್ಯವಿಲ್ಲ.

ಬಾಲನಟನಾಗಿ ಅವರು ಕೊಲ್ಹಾಪುರದ ಸ್ವದೇಶ ಹಿತಚಿಂತಕ ನಾಟಕ ಮಂಡಳಿಯ ಮೂಲಕ ರಂಗವನ್ನೇರಿದರು. ಸ್ತ್ರೀಯರು ರಂಗಕ್ಕೆ ಬರುವುದು ನಿಷಿದ್ಧವೆನಿಸಿದ್ದ ಆ ದಿನಗಳಲ್ಲಿ ನಾಯಿಕೆಯ ಸೀರೆ ಉಡುತ್ತಿದ್ದವರು ಗಂಡುಮಕ್ಕಳೇ. ಮೃದುವಾದ ಮೈಕಟ್ಟು, ಇಂಪಾದ ದನಿಯ ಪಾಗನೀಸರಿಗೆ ಸ್ತ್ರೀ ಪಾತ್ರಗಳೇ ಒಲಿದವು, ಹೆಸರನ್ನೂ ತಂದವು. ಆದರೆ ಈ ಕೀರ್ತಿಗೆ ಆಯುಷ್ಯ ಕಡಿಮೆ. ವಯಸ್ಸು ಏರಿದಂತೆ ಸೀರೆ ಒಪ್ಪದು. ಮೀಸೆಯ ಪಾತ್ರಕ್ಕೆ ನಡಿಗೆ ಒಗ್ಗದು. ಎಷ್ಟೋ ಸ್ತ್ರೀ ಪಾತ್ರಧಾರಿಗಳು ಈ ಸಂದಿಯಲ್ಲಿಯೇ ಕಣ್ಮರೆಯಾದರು. ಪಾಗನೀಸರ ಕೈಹಿಡಿದದ್ದು ಸಂಗೀತ, ಅದರಲ್ಲಿಯೂ ಭಜನೆ.

1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಸ್ಥಳಾಂತರಗೊಂಡ ಪ್ರಭಾತ್ ಫಿಲ್ಮ್ ಕಂಪನಿ ತುಕಾರಾಮರ ಜೀವನವನ್ನು ತೆರೆಗೆ ತರಲು ನಿರ್ಧರಿಸಿದಾಗ ನಾಯಕನ ಪಾತ್ರಕ್ಕೆ ಪಾಗನೀಸರ ಹೆಸರು ಬಂದಿತು. ಅದರೊಡನೆ ಆಕ್ಷೇಪವೂ ಬಂದಿತು. ಯೌವನವನ್ನೆಲ್ಲ ಸೀರೆಯಲ್ಲಿ ಕಳೆದ, ಹಾವಭಾವದಲ್ಲಿ ಇನ್ನೂ ಹೆಣ್ತನ ಉಳಿದಿದ್ದ ನಟನಿಂದ ಸಂತನ ಪಾತ್ರ ಸಾಧ್ಯವೇ ಎಂಬ ಶಂಕೆ ಅದು. ಶಂಕೆಗೆ ಕಾರಣವೂ ಇತ್ತು. ಹಿಂದಿನ ವರ್ಷ, 1935ರಲ್ಲಿ, ಸ್ತ್ರೀ ಪಾತ್ರಗಳ ಚಕ್ರವರ್ತಿ ಬಾಲಗಂಧರ್ವರು ಇದೇ ಪ್ರಭಾತ್‌ನ ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥರಾಗಿದ್ದರು. ಚಿತ್ರಕ್ಕೆ ನಿರೀಕ್ಷಿಸಿದ ಯಶಸ್ಸು ದಕ್ಕಲಿಲ್ಲ; ಕಂಪನಿಯೊಡನೆ ಬಾಲಗಂಧರ್ವರ ನಂಟು ಅಷ್ಟಕ್ಕೇ ಮುಗಿದಿತ್ತು. ಅಂಥ ಮಹಾನ್ ನಟನೇ ಎಡವಿದ ದಾರಿಯಲ್ಲಿ ಪಾಗನೀಸರು ನಡೆಯಬೇಕಿತ್ತು.

ಚಿತ್ರೀಕರಣಕ್ಕೆ ಮುನ್ನ ಅವರು ತುಕಾರಾಮರ ಊರಾದ ದೇಹುವಿಗೆ ಯಾತ್ರೆ ಹೋಗಿ ಬಂದರು. ಕ್ಯಾಮೆರಾದ ಮುಂದೆ ನಿಂತಾಗ, ದೋಷವೆಂದು ಎಣಿಸಿದ್ದ ಮಾರ್ದವವೇ ಗುಣವಾಗಿ ಪರಿಣಮಿಸಿತು. ಅವರ ತುಕಾರಾಮ ಗುಡುಗುವುದಿಲ್ಲ, ವಾದಕ್ಕೆ ನಿಲ್ಲುವುದಿಲ್ಲ. ವಿ. ದಾಮ್ಲೆ ಮತ್ತು ಎಸ್. ಫತ್ತೇಲಾಲ್ ಜೋಡಿಯ ನಿರ್ದೇಶನದಲ್ಲಿ ಮೂಡಿದ ‘ಸಂತ ತುಕಾರಾಮ’ದ ಜೀವಾಳವೇ ಈ ಶಾಂತ ಮುಖ. ಎದುರಿಗೆ ಗೌರಿ ಅವರ ಜೀಜಾಯಿ. ಸ್ಟುಡಿಯೋದಲ್ಲಿ ಕೂಲಿಯ ಕೆಲಸದಿಂದ ನಟನೆಗೆ ಬಂದ ಈ ಹೆಣ್ಣುಮಗಳು ಹಸಿದ ಮಕ್ಕಳ ತಾಯಿಯಾಗಿ ಬೈಯುತ್ತಾಳೆ, ವಿಠಲನನ್ನೂ ಬಿಡುವುದಿಲ್ಲ. ಅವಳ ಸಿಟ್ಟು ಇಲ್ಲದಿದ್ದರೆ ಇವರ ಶಾಂತಿಯೂ ಸಪ್ಪೆಯಾಗುತ್ತಿತ್ತೇನೋ. ಪವಾಡಗಳ ದೃಶ್ಯಗಳಿಗಿಂತ ಗಂಡಹೆಂಡಿರ ಈ ಸಂಸಾರವೇ ಇಂದಿಗೂ ಚಿತ್ರವನ್ನು ಹಳತಾಗಲು ಬಿಟ್ಟಿಲ್ಲ.

ಕೇಶವರಾವ್ ಭೋಳೆ ಅವರ ಸಂಗೀತದಲ್ಲಿ ಪಾಗನೀಸರು ತಾವೇ ಹಾಡಿದರು. ಚಿತ್ರಕ್ಕಾಗಿ ಶಾಂತಾರಾಮ ಆಠವಲೆ ಹೊಸದಾಗಿ ಬರೆದ ಹಾಡೊಂದನ್ನು ತುಕಾರಾಮರದೇ ಅಭಂಗವೆಂದು ಬಲ್ಲವರೂ ನಂಬಿದ್ದುಂಟು. ಮುಂಬಯಿಯ ಸೆಂಟ್ರಲ್ ಚಿತ್ರಮಂದಿರದಲ್ಲಿ ತೆರೆಕಂಡ ಚಿತ್ರ 57 ವಾರ ಓಡಿತು. 1937ರ ವೆನಿಸ್ ಚಲನಚಿತ್ರೋತ್ಸವದಲ್ಲಿ ವಿಶೇಷ ಮನ್ನಣೆ ಪಡೆಯಿತು.

ಪಾಗನೀಸರಿಗೆ ಆಗ 44ರ ಪ್ರಾಯ. ಮುಂದಿನ ಏಳು ವರ್ಷಗಳಲ್ಲಿ ಚಿತ್ರರಂಗ ಅವರನ್ನು ಬೇರೆ ವೇಷದಲ್ಲಿ ನೋಡಲು ಇಚ್ಛಿಸಲೇ ಇಲ್ಲ. ರಣಜಿತ್ ಮೂವಿಟೋನ್‌ನ ‘ಸಂತ ತುಳಸೀದಾಸ’ (1939) ಚಿತ್ರದಲ್ಲಿ ತುಳಸೀದಾಸ, ವಿಜಯ್ ಭಟ್ ನಿರ್ದೇಶಿಸಿದ ‘ನರಸಿ ಭಗತ್’ (1940) ಚಿತ್ರದಲ್ಲಿ ನರಸಿ ಮೆಹತಾ, 1943ರ ‘ಮಹಾತ್ಮಾ ವಿದುರ’ದಲ್ಲಿ ವಿದುರ, ಅದೇ ವರ್ಷ ‘ಭಕ್ತ ರಾಜ್’. ಯೌವನದಲ್ಲಿ ಸ್ತ್ರೀ ಪಾತ್ರ ಅವರನ್ನು ಕಟ್ಟಿಹಾಕಿದಂತೆ ನಡುವಯಸ್ಸಿನಲ್ಲಿ ಸಂತನ ಪಾತ್ರ ಕಟ್ಟಿಹಾಕಿತು. ಸಾಮಾಜಿಕ ಚಿತ್ರವೊಂದರಲ್ಲಿ ಸಾಧಾರಣ ಗೃಹಸ್ಥನಾಗಿ ಅವರು ಹೇಗೆ ಕಾಣುತ್ತಿದ್ದರೋ! ಆದರೆ ಅಂಥ ಪಾತ್ರ ಕೊಟ್ಟಿದ್ದರೆ ಪ್ರೇಕ್ಷಕರು ಸಹಿಸುತ್ತಿದ್ದರೇ ಎಂಬುದೂ ಅನುಮಾನವೇ. ಜನರ ಪಾಲಿಗೆ ಅವರು ತುಕಾರಾಮರನ್ನು ಅಭಿನಯಿಸಿದ ನಟರಾಗಿರಲಿಲ್ಲ, ತುಕಾರಾಮರೇ ಆಗಿಹೋಗಿದ್ದರು.

1943ರಲ್ಲಿಯೇ ಪಾಗನೀಸರು ನಿಧನರಾದರು. ಮರಾಠಿಯಲ್ಲಿ ದುಡಿದುದರಿಂದ ಕನ್ನಡ ರಂಗಭೂಮಿಯ ಚರಿತ್ರೆ ಅವರನ್ನು ತನ್ನವರೆಂದು ಎಣಿಸಲಿಲ್ಲ; ಮರಾಠಿಗರಿಗೆ ಅವರ ಊರು ಮುಖ್ಯವಾಗಲಿಲ್ಲ. ಪಂಢರಪುರದಿಂದ ಮರಳುವವರು ತಂದು ದೇವರಮನೆಯಲ್ಲಿ ತೂಗುಹಾಕುವ ತುಕಾರಾಮರ ಪಟಗಳಲ್ಲಿ ಮಾತ್ರ, ಪೇಟ ಸುತ್ತಿ ಕೈಯಲ್ಲಿ ವೀಣೆ ಹಿಡಿದ ಆ ಸೌಮ್ಯ ಮುಖದ ಛಾಯೆ ಆಗಾಗ ಕಾಣಸಿಗುತ್ತದೆ.